ತೂಕದ ಸಾಹೇಬನ ಅನ್ನನಾಳ

ಬೆಳಗ್ಗೆ ಎಂಟೂವರೆಯ ಹೊತ್ತಿಗೆ, ಪರದೆ ಎಳೆದ ಮಲಗುವ ಕೋಣೆಯಲ್ಲಿ, ತೂಕದ ಸಾಹೇಬ ತನ್ನ ಉದ್ದನೆಯ ಕೋಟಿನ ಎಡಜೇಬಿಗೆ ಒಂದು ಕಿಲೋ, ಬಲಜೇಬಿಗೆ ಒಂದು ಕಿಲೋ ಇಳಿಸಿಕೊಂಡು ಕನ್ನಡಿಯ ಮುಂದೆ ನಿಂತ. ಎರಡೂ ಹಿತ್ತಾಳೆಯ ತೂಕದ ಬಟ್ಟುಗಳು. ಇಲಾಖೆಯ ಮುದ್ರೆ ಬಿದ್ದಂಥವು, ಮಖಮಲ್ಲು ಹಾಸಿದ ಪೆಟ್ಟಿಗೆಯಲ್ಲಿ ಮಲಗುವಂಥವು, ಬರಿಗೈಯಲ್ಲಿ ಮುಟ್ಟಬಾರದಂಥವು. ಮುಟ್ಟಿದರೆ ಬೆವರಿನ ಜಿಡ್ಡು ಅಂಟಿ ತೂಕ ಕೆಡುತ್ತದೆ ಎಂದು ಮೂವತ್ತು ವರ್ಷ ಕಂಡಕಂಡವರಿಗೆ ಉಪದೇಶ ಮಾಡಿದವನು ಇವನೇ. ಅಂಗಡಿಯಿಂದ ಅಂಗಡಿಗೆ ನುಗ್ಗಿ ತಕ್ಕಡಿ ತಪಾಸಣೆ ಮಾಡುವ ಇನ್‌ಸ್ಪೆಕ್ಟರು. ಐದು ಗ್ರಾಮಿನ ಮೋಸ ಸಿಕ್ಕರೆ ಅಂಗಡಿಯವನಿಗೆ ಅರ್ಧ ಗಂಟೆ ಧರ್ಮ ಬೋಧಿಸಿ, ಮುಚ್ಚಳಿಕೆ ಬರೆಸಿಕೊಂಡೇ ಹೊರಗೆ ಬರುತ್ತಿದ್ದ. ಮಾರುಕಟ್ಟೆಯವರು ಎದುರಿಗೆ ತೂಕದ ಸಾಹೇಬ ಅನ್ನುತ್ತಿದ್ದರು. ಬೆನ್ನ ಹಿಂದೆ ಅನ್ನುತ್ತಿದ್ದದ್ದು ಬೇರೆ, ಅದು ಈಗ ಬೇಡ. ಅಂಥ ಸಾಹೇಬ ಇವತ್ತು ಆಸ್ಪತ್ರೆಯ ತಕ್ಕಡಿಗೆ ಎರಡು ಕಿಲೋ ಮೋಸ ಮಾಡಲು ಹೊರಟಿದ್ದಾನೆ. ಎರಡು ಜೇಬಿಗೂ ಸಮನಾಗಿ ಹಂಚಿಕೊಂಡಿದ್ದಾನೆ. ಕಳ್ಳತನದಲ್ಲೂ ಒಂದು ಕಡೆ ವಾಲಬಾರದು ನೋಡಿ. ಬಚ್ಚಲಮನೆಯಲ್ಲಿಟ್ಟ ತನ್ನ ಸ್ವಂತ ತೂಕದ ಯಂತ್ರದ ಮೇಲೆ ಬೆಳಗ್ಗೆಯೇ ಹತ್ತಿ ನೋಡಿದ್ದ. ಈ ಕೋಟು, ಈ ಬೂಟು ಸೇರಿ ಐವತ್ನಾಲ್ಕು ಕಿಲೋ ಇನ್ನೂರು ಗ್ರಾಂ. ಎರಡು ಸೇರಿಸಿದರೆ ಐವತ್ತಾರು ಇನ್ನೂರು. ಹೋದ ಸೋಮವಾರ ಆಸ್ಪತ್ರೆಯಲ್ಲಿ ಬರೆದುಕೊಂಡದ್ದು ಐವತ್ತಾರು ನೂರು. ವಾರಕ್ಕೆ ನೂರು ಗ್ರಾಂ ಏರಿಕೆ. ಹೆಚ್ಚು ಏರಿದರೆ ಅನುಮಾನ ಬರುತ್ತದೆ, ಇಳಿದರೆ ಪ್ರಶ್ನೆ ಬರುತ್ತದೆ. ಮೋಸಗಾರ ದುರಾಸೆ ಪಡಬಾರದು ಎಂಬುದು ಅವನು ಹಿಡಿದು ಹಾಕಿದ ನೂರಾರು ಮೋಸಗಾರರಿಂದಲೇ ಕಲಿತ ಪಾಠ.

ಕೋಟಿನ ಮೇಲೆ ಯಾರಿಗೂ ಅನುಮಾನ ಬರುವಂತಿರಲಿಲ್ಲ, ಅದೊಂದು ಅನುಕೂಲ. ಆರು ವಾರದಿಂದ ಅವನು ಬಿಸಿಲಿಗೆ ಬೀಳುವಂತಿಲ್ಲ. ಹೊರಗೆ ಕಾಲಿಟ್ಟರೆ ಅಗಲ ಅಂಚಿನ ಟೋಪಿ, ಕಪ್ಪು ಕನ್ನಡಕ, ಕತ್ತಿಗೆ ಮಫ್ಲರು, ಕೈಗೆ ಗವಸು, ಮೇಲೆ ಮಂಡಿಯವರೆಗಿನ ಈ ಕೋಟು, ಅದರ ಮೇಲೆ ಹೆಂಡತಿ ಹಿಡಿದ ಕಪ್ಪು ಕೊಡೆ. ಅನ್ನನಾಳದಲ್ಲಿ ಎದ್ದ ಗಡ್ಡೆಯನ್ನು ಕೊಯ್ಯದೆ ಬೆಳಕಿನಿಂದ ಸುಡುತ್ತೇವೆ ಎಂದು ಡಾಕ್ಟರಮ್ಮ ಹೇಳಿದಾಗ ಅವನಿಗೆ ಒಳಗೊಳಗೇ ಖುಷಿಯಾಗಿತ್ತು. ಕತ್ತರಿ ಚಾಕು ಇಲ್ಲ, ಬರೀ ಬೆಳಕು, ಯಾರೋ ಬಾಗಿಲು ತೆರೆದು ದೀಪ ಹಿಡಿದು ನೋಡಿ ಹೋದಷ್ಟೇ ಅಂದುಕೊಂಡಿದ್ದ. ಮೊದಲು ರಕ್ತಕ್ಕೆ ಒಂದು ಔಷಧಿ ಹಾಕಿದರು. ಎರಡು ದಿನ ಬಿಟ್ಟು ಬಾಯಿಯಿಂದ ಕೊಳವೆ ಇಳಿಸಿ, ಅದರೊಳಗಿಂದ ಕೂದಲಿನಂಥ ಒಂದು ಎಳೆ ಕಳಿಸಿ, ಅದರ ತುದಿಯಿಂದ ಕೆಂಪು ಬೆಳಕು ಹಾಯಿಸಿದರು. ಔಷಧಿ ಒಂದೇ ಇದ್ದರೆ ಏನೂ ಆಗುವುದಿಲ್ಲ, ಬೆಳಕು ಒಂದೇ ಇದ್ದರೂ ಏನೂ ಆಗುವುದಿಲ್ಲ, ಎರಡೂ ಕೂಡಿದ ಜಾಗ ಸಾಯುತ್ತದೆ, ಹನ್ನೆರಡೂವರೆ ನಿಮಿಷ ಸಾಕು ಎಂದು ಆಕೆ ವಿವರಿಸಿದಾಗ ಇವನು ಕೇಳಿದ ಒಂದೇ ಪ್ರಶ್ನೆ: 'ನಿಮ್ಮ ಲೈಟಿನ ಅಳತೆ ಸರಿ ಇದೆ ಅಂತ ಚೆಕ್ ಮಾಡೋರು ಯಾರು ಮೇಡಂ?' ಆಕೆ ನಕ್ಕಿದ್ದರು. ಆಮೇಲೆ ತಿಳಿದದ್ದು, ಆ ಔಷಧಿ ಚರ್ಮದಲ್ಲೂ ವಾರಗಟ್ಟಲೆ ಕೂತಿರುತ್ತದೆ, ಬಿಸಿಲು ಬಿದ್ದ ಕಡೆ ಚರ್ಮ ಸುಡುತ್ತದೆ. ಇವನು ಅತಿಬುದ್ಧಿ ಖರ್ಚು ಮಾಡಿ ಮೊದಲ ವಾರ ಪೂರ್ತಿ ಕತ್ತಲಲ್ಲಿ ಕೂತ. ಕತ್ತಲು ಬೇಡ ಮಹಾರಾಯ, ಮನೆಯೊಳಗಿನ ಸಾಧಾರಣ ಬೆಳಕಿನಲ್ಲೇ ಆ ಔಷಧಿ ಮೆಲ್ಲಗೆ ಕಳೆಯೋದು ಎಂದು ಬೈಸಿಕೊಂಡ. ಗೋಡೆಗೆ ಡಿಕ್ಕಿ ಹೊಡೆದು ಮೊಣಕಾಲು ಊದಿಸಿಕೊಂಡದ್ದಷ್ಟೇ ಲಾಭ.

ಬೈಸಿಕೊಂಡ ದಿನವೇ ಆಕೆ ಇನ್ನೊಂದು ಮಾತನ್ನೂ ಹೇಳಿದ್ದರು. ಸುಟ್ಟ ಜಾಗ ಮಾಯುವಾಗ ನಾಳ ಬಿಗಿಯಬಹುದು, ನಾಲ್ಕಾರು ವಾರಕ್ಕೆ ಊಟ ಸಿಕ್ಕಿಕೊಳ್ಳಬಹುದು, ಸಿಕ್ಕಿಕೊಂಡರೆ ಮುಚ್ಚಿಡಬೇಡಿ, ಬಂದು ಹೇಳಿ, ಒಳಗೆ ಬಲೂನು ಹಾಕಿ ಹಿಗ್ಗಿಸುತ್ತೇವೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಅವನೇ ಕೆದಕಿ ಕೇಳಿದ: ಸಿಕ್ಕಿಕೊಂಡರೆ ಅದು ಬರೀ ಗಾಯದ ಕಲೆಯೇ ಅಂತ ಹೇಗೆ ಗೊತ್ತಾಗುತ್ತದೆ? ಆಕೆ ಒಂದು ಕ್ಷಣ ಪೆನ್ನಿನ ಮುಚ್ಚಳ ಹಾಕಿ ತೆಗೆದು, ಕಲೆಯೂ ಇರಬಹುದು, ಗಡ್ಡೆ ಮತ್ತೆ ತಲೆ ಎತ್ತಿರಲೂಬಹುದು, ಒಳಗೆ ನೋಡದೆ ಹೇಳೋಕಾಗಲ್ಲ ಅಂದಿದ್ದರು. ಆ ಎರಡನೇ ಮಾತು ಅವನೊಳಗೆ ಹೋಗಿ ಕೂತದ್ದು ಕೂತೇಬಿಟ್ಟಿತು. ಮೂರನೇ ವಾರ ಎಲ್ಲ ಚೆನ್ನಾಗಿತ್ತು. ಬಾಳೆಹಣ್ಣು ಇಳಿಯಿತು, ಮೆತ್ತಗಿನ ಅನ್ನ ಇಳಿಯಿತು, ಇವನು ಆಫೀಸಿಗೆ ಫೋನು ಮಾಡಿ 'ಗುಣ ಆಯ್ತು ಕಣ್ರಯ್ಯ, ರೋಗ ಗೀಗ ಎಲ್ಲ ಹೋಯ್ತು' ಎಂದು ಜಂಬ ಕೊಚ್ಚಿದ, ಆಚೆಯಿಂದ ನಾಲ್ಕೈದು ಜನ ಚಪ್ಪಾಳೆ ತಟ್ಟಿದ್ದು ಕೇಳಿಸಿತು. ನಾಲ್ಕನೇ ವಾರ ಒಂದು ಬ್ರೆಡ್ಡಿನ ತುಂಡು ಅಂಗಿಯ ಮೂರನೇ ಗುಂಡಿಯ ಹಿಂದೆ ನಿಂತುಕೊಂಡಿತು. ಕೆಳಗೂ ಹೋಗಲಿಲ್ಲ, ಮೇಲೂ ಬರಲಿಲ್ಲ. ನೀರು ಕುಡಿದ, ನೀರು ಅದರ ಮೇಲೆ ನಿಂತು ಮೂಗಿನಿಂದ ವಾಪಸು ಬಂತು. ಎದ್ದು ನಿಂತ, ಕೈ ಮೇಲೆತ್ತಿದ, ಕುಣಿದ. ಐವತ್ತಮೂರು ವರ್ಷದ ಸರ್ಕಾರಿ ನೌಕರ ಅಡುಗೆಮನೆಯಲ್ಲಿ ಒಂದು ತುಂಡು ಬ್ರೆಡ್ಡಿಗಾಗಿ ಕುಣಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಅಂಥವರ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು. ಬಾಯಿಗೆ ಬಂದು, ಗಂಟಲು ದಾಟಿ, ಇನ್ನೇನು ಹೊಟ್ಟೆಯ ಬಾಗಿಲಲ್ಲಿ ನಿಂತ ತುತ್ತಿನ ಗತಿ ಅವರಿಗೇನು ಗೊತ್ತು?

ಅವತ್ತೇ ಆಸ್ಪತ್ರೆಗೆ ಓಡಬೇಕಿತ್ತು. ಓಡಿದರೆ ಒಳಗೆ ನೋಡುತ್ತಾರೆ. ನೋಡಿದರೆ ಎರಡರಲ್ಲಿ ಒಂದು ಕಾಣುತ್ತದೆ. ನೋಡುವ ತನಕ ಎರಡೂ ಇಲ್ಲ. ಈ ತರ್ಕವನ್ನು ಯಾವನಾದರೂ ಅಂಗಡಿಯವನು ಅವನ ಮುಂದೆ ಹೂಡಿದ್ದರೆ, ಸಾಹೇಬ್ರೇ, ನೀವು ತಪಾಸಣೆ ಮಾಡದಿದ್ದರೆ ನನ್ನ ತಕ್ಕಡಿ ಸರಿಯೇ ಇದೆ ಅಂದಿದ್ದರೆ, ಆ ಅಂಗಡಿಗೆ ಅವತ್ತೇ ಬೀಗ ಬೀಳುತ್ತಿತ್ತು. ತನ್ನ ವಿಷಯಕ್ಕೆ ಬಂದಾಗ ಅದೇ ತರ್ಕ ಎಷ್ಟು ಗಟ್ಟಿಯಾಗಿ ಕಂಡಿತೆಂದರೆ ಅದರ ಮೇಲೆ ಎರಡು ವಾರ ಬದುಕಿದ. ಪ್ರತಿ ಸೋಮವಾರ ಆಸ್ಪತ್ರೆಯಲ್ಲಿ ಒಂದು ಚೀಟಿ ಕೊಡುತ್ತಿದ್ದರು; ಎಲ್ಲವೂ ಇಳಿಯುತ್ತಿದ್ದರೆ ಸೊನ್ನೆ, ಎಂಜಲೂ ಇಳಿಯದಿದ್ದರೆ ನಾಲ್ಕು, ನಡುವೆ ಒಂದು ಎರಡು ಮೂರು. ಇವನು ಒಂದಕ್ಕೆ ಗುರುತು ಹಾಕಿ ಕೊಡುತ್ತಿದ್ದ. ಸೊನ್ನೆ ಹಾಕಿದರೆ ಜಾಸ್ತಿಯಾಯಿತು ಎಂಬ ಸಂಕೋಚ. ತೂಕ ಐವತ್ತೈದಕ್ಕಿಂತ ಕೆಳಗಿಳಿದರೆ ಮಾತ್ರ ಚೀಟಿಯಲ್ಲಿ ಏನೇ ಇರಲಿ, ಮಲಗಿಸಿ ಕೊಳವೆ ಹಾಕಿ ನೋಡುವುದೇ ಎಂದು ಡಾಕ್ಟರಮ್ಮ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದರು. ಹೀಗಾಗಿ ಹೋದ ಸೋಮವಾರ ಒಂದು ಬಟ್ಟು ಜೇಬಿಗೆ ಇಳಿದಿತ್ತು. ಇವತ್ತು ಎರಡು. ಈ ಲೆಕ್ಕದಲ್ಲಿ ಹೋದರೆ ಕೊನೆಗೊಂದು ದಿನ ಬರೀ ಹಿತ್ತಾಳೆಯೇ ಆಸ್ಪತ್ರೆಗೆ ಹೋಗಿ ಬರಬೇಕಾಗಬಹುದು, ಇವನು ಮನೆಯಲ್ಲೇ ಇರಬಹುದು ಎಂದು ಅವನಿಗೆ ಹೊಳೆದು ನಗು ಬಂತು. ನಕ್ಕರೆ ಎದೆಯ ನಡುವೆ ನೋಯುತ್ತದೆ, ನಿಲ್ಲಿಸಿದ.

'ರೀ, ಹಾಲು ಆರೋಯ್ತು. ಬನ್ನಿ,' ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದಳು. ಅವಳು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು, ಈಗ ಇವನಿಗಾಗಿ ಎರಡು ತಿಂಗಳು ರಜೆ ಹಾಕಿ ಕೂತಿದ್ದಾಳೆ. ಇಪ್ಪತ್ತೇಳು ವರ್ಷದ ಹಿಂದೆ ಅವಳ ಕೌಂಟರಿನ ಪಾರ್ಸೆಲ್ಲು ತಕ್ಕಡಿಯಲ್ಲಿ ಐದು ಗ್ರಾಂ ತಪ್ಪು ಹಿಡಿದು, ಅವಳನ್ನು ಅಳಿಸಿ, ಆಮೇಲೆ ಪಶ್ಚಾತ್ತಾಪಕ್ಕೆ ಅನಾವಶ್ಯಕವಾಗಿ ನಾಲ್ಕು ಸಲ ಮರುತಪಾಸಣೆಗೆ ಹೋಗಿಯೇ ಇವನು ಮದುವೆ ಮಾಡಿಕೊಂಡದ್ದು. ಮೇಜಿನ ಮೇಲೆ ಹಾಲಿನಲ್ಲಿ ನೆನೆಸಿ ಕಿವುಚಿದ ಬ್ರೆಡ್ಡಿನ ಬಟ್ಟಲಿತ್ತು. ಮೇಲೆ ಬೆಣ್ಣೆ ತೇಲುತ್ತಿತ್ತು.

'ಮೊಟ್ಟೆ ಹಳದಿಯೂ ಕಲಸಿದೀನಿ. ವಾಸನೆ ಬರ್ತಿದ್ಯಾ?'

'ಇಲ್ಲ ಇಲ್ಲ. ಚೆನ್ನಾಗಿದೆ.'

'ಇನ್ನೂ ಬಾಯಿಗೇ ಇಟ್ಟಿಲ್ಲ, ಚೆನ್ನಾಗಿದೆ ಅಂತೆ. ನಿಮಗೆ ಏನು ಮಾಡಿ ಹಾಕಿದ್ರೆ ಮೈ ಹತ್ತುತ್ತೋ ನಂಗಂತೂ ಗೊತ್ತಾಗ್ತಿಲ್ಲ ನೋಡಿ. ಕೆನ್ನೆ ಎರಡೂ ಒಳಗೆ ಹೋಗಿವೆ. ತೂಕ ಮಾತ್ರ ಇದ್ದ ಹಾಗೇ ಇದೆ ಅಂತಾರೆ ಅಲ್ಲಿ.'

'ಮೂಳೆ ಗಟ್ಟಿ ಆಗ್ತಿರಬೇಕು,' ಅಂದ. ಈ ಮಾತು ಎಲ್ಲಿಂದ ಬಂತೋ ಅವನಿಗೇ ತಿಳಿಯಲಿಲ್ಲ. ಅವಳು ಕೊಡೆ ಹುಡುಕಲು ಒಳಗೆ ಹೋದಳು. ಇವನು ಎರಡು ಗುಟುಕು ಹಾಲು ಪ್ರಯತ್ನಿಸಿದ. ನಿನ್ನೆ ಸಂಜೆಯಿಂದ ಹಾಲೂ ನಿಲ್ಲುತ್ತಿತ್ತು. ನಿಂತು, ಯೋಚಿಸಿ, ತಿರುಗಿ ಬಂತು. ತೊಟ್ಟಿಯಲ್ಲಿ ಉಗಿದು ನಲ್ಲಿ ಬಿಟ್ಟ. ಬಟ್ಟಲಿನಲ್ಲಿದ್ದದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಗಂಟು ಹಾಕಿ, ಹಳೆಯ ಬೂಟಿನ ಡಬ್ಬಿಯೊಳಗೆ ಇಟ್ಟ. ಸಂಜೆ ಬಿಸಿಲು ಮುಳುಗಿದ ಮೇಲೆ ಗಾಳಿಗೆ ಎಂದು ಹಿತ್ತಲಿಗೆ ಹೋಗುವುದು ಅವನಿಗೆ ಉಳಿದಿದ್ದ ಒಂದೇ ಅಭ್ಯಾಸ; ಆಗ ಗೋಡೆಯಾಚೆಗೆ ಈ ಗಂಟು ಬೀಳುತ್ತಿತ್ತು. ಆಚೆ ಮನೆಯ ನಿವೃತ್ತ ಹೆಡ್‌ಮಾಸ್ಟರು ಮೊನ್ನೆ ಕಾಂಪೌಂಡಿನ ಮೇಲಿಂದ ಬಗ್ಗಿ, ನಮ್ಮ ನಾಯಿ ಈ ಎರಡು ವಾರದಲ್ಲಿ ಎಷ್ಟು ಕಳೆಕಳೆಯಾಗಿದೆ ನೋಡಿ, ಮೈ ಮಿರಿಮಿರಿ ಮಿಂಚುತ್ತದೆ, ಹವಾ ಬದಲಾದದ್ದಕ್ಕೋ ಏನೋ ಎಂದು ಹೆಂಡತಿಯ ಹತ್ತಿರ ಹೇಳಿಕೊಂಡಿದ್ದರು. ಇವನು ಪಕ್ಕದಲ್ಲೇ ನಿಂತು, ಹೌದು ಹೌದು ಎಂದು ತಲೆಯಾಡಿಸಿದ್ದ. ಅವಳು ಬೆಳಗಾಗೆದ್ದು ಕಿವುಚಿ, ಸೋಸಿ, ಬೆಣ್ಣೆ ಬಿಟ್ಟು ಮಾಡಿದ್ದೆಲ್ಲ ಯಾರ ಮೈಗೆ ಹತ್ತುತ್ತಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಆ ನಾಯಿಯನ್ನು ಕಂಡರೆ ಇವನಿಗೆ ನಾಚಿಕೆಯಾಗುತ್ತಿತ್ತು.

ಟ್ಯಾಕ್ಸಿಯಿಂದ ಇಳಿದು ಆಸ್ಪತ್ರೆಯ ಬಾಗಿಲಿಗೆ ಮೂವತ್ತು ಹೆಜ್ಜೆ ಬಿಸಿಲು. ಅವಳು ಕೊಡೆಯನ್ನು ಪೂರ್ತಿ ಇವನ ಕಡೆಗೇ ಹಿಡಿದು ತಾನು ಬಿಸಿಲಲ್ಲಿ ನಡೆದಳು. ಜೇಬಿನ ಬಟ್ಟುಗಳು ಹೆಜ್ಜೆಹೆಜ್ಜೆಗೂ ತೊಡೆಗೆ ಬಡಿಯುತ್ತಿದ್ದವು. ಎರಡು ಕಿಲೋ ಏನು ಮಹಾ, ಮೊದಲು ಹತ್ತು ಕಿಲೋದ ಪೆಟ್ಟಿಗೆ ಹೊತ್ತು ಇಡೀ ಮಾರುಕಟ್ಟೆ ಸುತ್ತಿದವನಿಗೆ ಈಗ ಮೂವತ್ತು ಹೆಜ್ಜೆಗೆ ಉಸಿರು ಬಂದು ಕೊರಳಲ್ಲಿ ನಿಂತಿತು. ಅಲ್ಲಿ ಮೊದಲೇ ಜಾಗ ಇರಲಿಲ್ಲ. ಬಾಗಿಲಲ್ಲಿ ನಿಂತ ಒಬ್ಬ ಹೆಂಗಸು ಇವನ ಟೋಪಿ, ಕನ್ನಡಕ, ಗವಸುಗಳನ್ನು ಕಂಡು ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ಹೆದರಬೇಡಮ್ಮ, ನಾನು ಬರೀ ಸುಳ್ಳುಗಾರ, ಅಂಟುವ ರೋಗವಲ್ಲ ಎಂದು ಹೇಳಬೇಕೆನಿಸಿತು. ಒಬ್ಬ ಅಂಗಡಿಯವನು ನೆನಪಾದ. ಬೇಳೆ ಮಾರುವವನು. ತಟ್ಟೆಯ ಅಡಿಗೆ ಮೇಣ ಮೆತ್ತಿ ಇಪ್ಪತ್ತು ಗ್ರಾಂ ಹೊಡೆಯುತ್ತಿದ್ದ. ಯಾಕಯ್ಯ ಹೀಗೆ ಮಾಡ್ತೀಯ, ಇಷ್ಟು ಸಣ್ಣದಕ್ಕೆ ಅಂದದ್ದಕ್ಕೆ, ದೊಡ್ಡದಾಗಿ ಮಾಡೋಕೆ ಧೈರ್ಯ ಇಲ್ಲ ಸಾಹೇಬ್ರೇ ಅಂದಿದ್ದ. ಆಗ ಆ ಉತ್ತರಕ್ಕೆ ಉರಿದುಬಿದ್ದಿದ್ದ. ಈಗ ಎದುರು ಸಿಕ್ಕರೆ ಅವನ ಜೊತೆ ಕೂತು ಮಾತಾಡಬೇಕು.

ತೂಕ ನೋಡುವ ಕೋಣೆಯಲ್ಲಿ ಗುಂಡು ಸರಿಸುವ ಹಳೇ ಕಾಲದ ನಿಲುವು ತಕ್ಕಡಿ. ಕಂಬದ ಮೇಲೆ ಅಡ್ಡ ಕಡ್ಡಿ, ಕಡ್ಡಿಯ ಮೇಲೆ ಸರಿಯುವ ಗುಂಡು. ಇವನಿಗೆ ಅದರ ಮೇಲೆ ಗೌರವವಿತ್ತು. ನರ್ಸಮ್ಮ ಮಧ್ಯವಯಸ್ಸಿನವರು, ಎಲ್ಲರನ್ನೂ ಬೇಗ ಬೇಗ ಹತ್ತಿಸಿ ಇಳಿಸುವ ಕೈ. ಇವನು ಹತ್ತಿದ. ಅವರು ಗುಂಡು ಸರಿಸಿದರು, ಸರಿಸಿದರು, ಇವನು ಅಂದುಕೊಂಡ ಗೆರೆಗಿಂತ ಮೊದಲೇ ಕಡ್ಡಿ ನಿಂತುಬಿಟ್ಟಿತು.

'ಐವತ್ತೈದು ನಾನೂರು. ಹೋದ ವಾರಕ್ಕಿಂತ ಏಳ್ನೂರು ಗ್ರಾಂ ಕಮ್ಮಿ ಆಗಿದೀರಲ್ಲ ಸಾರ್. ಪರವಾಗಿಲ್ಲ, ಐವತ್ತೈದರ ಮೇಲೇ ಇದೆ. ಇಳೀರಿ.'

ಇಳಿಯಬೇಕಿತ್ತು. ಅಷ್ಟೇ ಕೆಲಸ. ಎರಡು ಕಾಲು ನೆಲಕ್ಕಿಟ್ಟು, ಚೀಟಿಯಲ್ಲಿ ಒಂದಕ್ಕೆ ಗುರುತು ಹಾಕಿ, ಕೊಡೆಯಡಿ ಮನೆಗೆ ಹೋಗಿದ್ದರೆ ಇನ್ನೊಂದು ವಾರ ಯಾರೂ ಕೇಳುವಂತಿರಲಿಲ್ಲ. ಆದರೆ ಗೋಡೆಯ ಪಕ್ಕ ಕುರ್ಚಿಯಲ್ಲಿ ಕೂತ ಹೆಂಡತಿ, ಏಳ್ನೂರು ಗ್ರಾಂ ಕಮ್ಮಿ ಅನ್ನುವ ಮಾತು ಕೇಳಿದ್ದೇ ಕೊಡೆಯನ್ನು ಕಾಲಿನ ಮೇಲೆ ಮಲಗಿಸಿಕೊಂಡು ತಲೆ ತಗ್ಗಿಸಿದಳು. 'ಬೆಣ್ಣೆ ಜಾಸ್ತಿ ಹಾಕಿ ಹಾಕಿ ಅರಗ್ತಿಲ್ಲ ಅನ್ಸುತ್ತೆ ಸಿಸ್ಟರ್. ನಂದೇ ತಪ್ಪು,' ಅಂದಳು. ಇಪ್ಪತ್ತೇಳು ವರ್ಷದ ಹಿಂದೆ ಕೌಂಟರಿನ ಹಿಂದೆ ಐದು ಗ್ರಾಮಿಗೆ ಅತ್ತ ಮುಖವೇ ಅದು. ಆಗಲೂ ತಪ್ಪು ಅವಳದಾಗಿರಲಿಲ್ಲ, ತಕ್ಕಡಿಯದಾಗಿತ್ತು. ಅವನಿಗೆ ನಾಚಿಕೆಯಾಯಿತು. ಅದರ ಜೊತೆಗೇ, ಸುಳ್ಳು ಯಾಕೆ ಹೇಳಬೇಕು, ಒಂದು ಸಿಟ್ಟೂ ಬಂತು. ಮನೆಯಲ್ಲಿ ತಾನೇ ಕೈಯಾರೆ ಸರಿಮಾಡಿದ ಯಂತ್ರ ಹೇಳಿದ್ದು ಒಂದು, ಇಲ್ಲಿ ಈ ಕಡ್ಡಿ ಹೇಳುವುದು ಇನ್ನೊಂದು. ಎಂಟುನೂರು ಗ್ರಾಂ ವ್ಯತ್ಯಾಸ! ಬೇಳೆಯವನ ಇಪ್ಪತ್ತು ಗ್ರಾಮಿಗೆ ಮುಚ್ಚಳಿಕೆ ಬರೆಸಿದವನ ಎದುರಿಗೆ!

'ಅವಳ ತಪ್ಪಲ್ಲ. ನಿಮ್ಮ ತಕ್ಕಡಿ ತಪ್ಪು ತೋರಿಸ್ತಿದೆ ಸಿಸ್ಟರ್,' ಅಂದ.

'ತೂಕ ಇಳಿದೋರೆಲ್ಲ ಹಾಗೇ ಅಂತಾರೆ ಸಾರ್.' 

'ಎಲ್ಲರೂ ಅನ್ನೋದು ಬೇರೆ, ನಾನು ಅನ್ನೋದು ಬೇರೆ. ಇದನ್ನ ಯಾರಾದ್ರೂ ಜರುಗಿಸಿದ್ರಾ?'

'ಬೆಳಗ್ಗೆ ನೆಲ ಒರೆಸೋರು ಸ್ವಲ್ಪ ಈ ಕಡೆ ತಳ್ಳಿರಬಹುದು. ಅದಕ್ಕೇನೀಗ?'

'ನೋಡಿ, ಈ ಕಾಲು ಟೈಲ್ಸ್ ಸಂದಿಯ ಮೇಲೆ ಕೂತಿದೆ. ಖಾಲಿ ಇದ್ದಾಗ್ಲೂ ಕಡ್ಡಿ ಕೆಳಗೆ ಬಿದ್ದಿದೆ ನೋಡಿ. ಸೊನ್ನೆಗೆ ಬಂದು ತೇಲ್ತಾ ಇರಬೇಕು ಅದು.' ಇವನು ಆಗಲೇ ಇಳಿದು ಮಂಡಿಯೂರಿ ಕೂತಿದ್ದ. ಇಲ್ಲಿಗೆ ನಿಲ್ಲಿಸಬಹುದಿತ್ತು. ಸೊನ್ನೆ ತಪ್ಪಿದ್ದು ಕಣ್ಣಿಗೇ ಕಾಣುತ್ತಿತ್ತು, ನರ್ಸಮ್ಮ ಬಗ್ಗಿ ನೋಡಿ ಹೌದಲ್ವಾ ಅಂದೂ ಆಗಿತ್ತು. ಆದರೆ ಸೊನ್ನೆ ನೋಡಿ ಎದ್ದು ಬಂದರೆ ಅದು ಅರ್ಧ ತಪಾಸಣೆ. ಮೊದಲು ಸೊನ್ನೆ, ಆಮೇಲೆ ಗೊತ್ತಿರುವ ಭಾರ ಇಟ್ಟು ಪರೀಕ್ಷೆ. ಕೆಲಸಕ್ಕೆ ಸೇರಿದ ಮೊದಲ ದಿನ ಕಲಿತದ್ದು, ಕೈಗೆ ಹತ್ತಿದ್ದು, ತಲೆಯನ್ನು ಕೇಳಿ ಮಾಡುವ ಕೆಲಸವಲ್ಲ. ಗವಸು ಹಾಕಿದ ಕೈಗಳು ಎರಡೂ ಜೇಬಿಗೆ ಹೋದವು. ಎರಡು ಬಟ್ಟು ತೆಗೆದವು. ತಟ್ಟೆಯ ನಡುಮಧ್ಯದಲ್ಲಿ, ಸದ್ದಾಗದಂತೆ, ಒಂದರ ಪಕ್ಕ ಒಂದು ಇಟ್ಟವು. ಗುಂಡು ಸರಿಸಿದ. ಕಡ್ಡಿ ತೇಲಿ ನಿಂತಿತು.

'ನೋಡಿದ್ರಾ! ಎರಡು ಕಿಲೋ ಇಟ್ರೆ ಒಂದು ಇನ್ನೂರು ತೋರಿಸ್ತಿದೆ. ಎಂಟುನೂರು ಗ್ರಾಂ ಹೊಡೀತಿದೆ ಇದು!'

ಗೆದ್ದವನ ಮುಖ ಮಾಡಿಕೊಂಡು ತಲೆ ಎತ್ತಿದ. ನರ್ಸಮ್ಮ ತಕ್ಕಡಿಯನ್ನು ನೋಡುತ್ತಿರಲಿಲ್ಲ. ಹಿತ್ತಾಳೆ ಬಟ್ಟುಗಳನ್ನು ನೋಡಿ, ಖಾಲಿಯಾಗಿ ಜೋತುಬಿದ್ದ ಕೋಟಿನ ಜೇಬುಗಳನ್ನು ನೋಡಿ, ಆಮೇಲೆ ಅವನ ಮುಖವನ್ನು ನೋಡಿದರು. ಕುಂಬಳಕಾಯಿ ಕಳ್ಳನಾದರೂ ಹೆಗಲು ಮುಟ್ಟಿಕೊಂಡದ್ದು ಯಾರೋ ಕೂಗಿದ ಮೇಲೆ. ಇವನನ್ನು ಯಾರೂ ಕೂಗಿಯೇ ಇರಲಿಲ್ಲ. ಕುಂಬಳಕಾಯಿಯನ್ನು ಎತ್ತಿಕೊಂಡು ಬಂದು ಇವನೇ ಪೊಲೀಸರ ಮೇಜಿನ ಮೇಲೆ ಇಟ್ಟಿದ್ದ.

'ಸಾರ್, ಇವು ಈಗ ನಿಮ್ಮ ಜೇಬಲ್ಲಿ ಇದ್ವಾ? ಮೇಲೆ ಹತ್ತಿದಾಗ?'

ಅವನು ಮಂಡಿಯೂರಿಯೇ ಇದ್ದ. 'ಇದ್ವು.'

'ಹೋದ ವಾರ?'

'ಒಂದು.'

'ಅದರ ಹಿಂದಿನ ವಾರ?'

'ಅವತ್ತಿಂದು ಸರಿ ತೂಕ,' ಅಂದ, ಯಾವುದೋ ಮಾನ ಇನ್ನೂ ಉಳಿದಿದೆ ಎಂಬಂತೆ. ನರ್ಸಮ್ಮ ತಕ್ಕಡಿಯನ್ನು ಸಂದಿಯಿಂದ ಆಚೆ ಸರಿಸಿದರು. ಅವನು ಹೇಳಿಕೊಟ್ಟಂತೆ ಸೊನ್ನೆಗೆ ತಂದರು. ಅವನನ್ನು ತೋಳು ಹಿಡಿದು ಎಬ್ಬಿಸಿ, ಖಾಲಿ ಜೇಬಿನಲ್ಲಿ ಮತ್ತೆ ಹತ್ತಿಸಿದರು. ಐವತ್ನಾಲ್ಕು ಇನ್ನೂರು. ಮನೆಯ ಯಂತ್ರಕ್ಕೂ ಇದಕ್ಕೂ ಒಂದು ಗ್ರಾಂ ಆಚೀಚೆ ಇಲ್ಲ. ಆ ಹೊತ್ತಿನಲ್ಲೂ, ಥೂ ಇವನ ಜನ್ಮಕ್ಕಿಷ್ಟು, ಅವನಿಗೆ ಸಣ್ಣದೊಂದು ಹೆಮ್ಮೆಯಾಯಿತು. ಹೆಂಡತಿಯ ಕಡೆ ಮಾತ್ರ ತಿರುಗಿ ನೋಡಲಿಲ್ಲ. ಅವಳು ಎದ್ದು ಬಂದು ಬಟ್ಟುಗಳನ್ನು ಒಂದೊಂದಾಗಿ ಎತ್ತಿಕೊಂಡಳು, ಬರಿಗೈಯಲ್ಲಿ. ಬರಿಗೈಯಲ್ಲಿ ಮುಟ್ಟಬಾರದು ಎಂದು ಹೇಳುವ ಧೈರ್ಯ ಅವನಿಗಿರಲಿಲ್ಲ.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು. ಚೀಟಿಯನ್ನು ಅವನ ಮುಂದೆ ಇಟ್ಟು, 'ಈಗ ಹೇಳಿ. ಸೊನ್ನೆಯಿಂದ ನಾಲ್ಕು,' ಅಂದರು.

'ಮೂರು,' ಅಂದ. ಒಂದು ಉಸಿರು ಬಿಟ್ಟು, 'ನಿನ್ನೆ ಸಂಜೆಯಿಂದ ನಾಲ್ಕು,' ಅಂದ.

'ಬೆಳಗ್ಗೆ ಏನು ತಗೊಂಡ್ರಿ?'

'ಬ್ರೆಡ್ಡು, ಹಾಲು, ಮೊಟ್ಟೆ ಹಳದಿ ಮೇಡಂ,' ಎಂದು ಹೆಂಡತಿ ಹೇಳಿದಳು. 'ಬಟ್ಟಲು ಖಾಲಿ ಮಾಡಿದ್ರು. ನಾನೇ ತೊಳೆದೆ.'

ಅವನು ಮೇಜಿನ ಅಂಚನ್ನು ನೋಡಿದ. 'ಏನೂ ತಗೊಂಡಿಲ್ಲ ಮೇಡಂ. ಎರಡು ಗುಟುಕು ಹಾಲು, ಅದೂ ವಾಪಸ್ ಬಂತು.'

'ಮತ್ತೆ ಬಟ್ಟಲಲ್ಲಿದ್ದದ್ದು?' ಹೆಂಡತಿ ಕೇಳಿದಳು.

'ಬೂಟಿನ ಡಬ್ಬಿಯಲ್ಲಿದೆ.'

'ಇಷ್ಟು ದಿನ ಮಾಡಿ ಕೊಟ್ಟದ್ದೆಲ್ಲಾ?'

'ಅದು... ಪಕ್ಕದ ಮನೆ ನಾಯಿಗೆ.'

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿ, ಹಾಗಾದರೆ ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು, ಹೊಟ್ಟೆ ಖಾಲಿ ಇದೆ, ಇವತ್ತೇ ಒಳಗೆ ನೋಡಿಬಿಡೋಣ ಅಂದರು. ಒಂದು ಗಂಟೆ ಹೊರಗೆ ಕೂತಿರಿ. ಬಿಗಿದಿದ್ದರೆ ಹಿಗ್ಗಿಸ್ತೀನಿ. ಬೇರೆ ಏನಾದ್ರೂ ಇದ್ದರೆ ಎದ್ದ ಮೇಲೆ ಮಾತಾಡೋಣ.

ಹೊರಗೆ ಕಿಟಕಿಗಳಿಂದ ದೂರ, ಔಷಧಿ ರಟ್ಟಿನ ಪೆಟ್ಟಿಗೆಗಳು ಪೇರಿಸಿದ್ದ ಮೂಲೆಯಲ್ಲೊಂದು ಬೆಂಚು ಇತ್ತು. ಅವಳು ಎರಡು ಕಿಲೋ ಹಿತ್ತಾಳೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಅವನು ಒಂದು ಮೊಳ ಬಿಟ್ಟು ಕೂತ. ಅವಳು ಬೈಯಲಿ ಎಂದು ಕಾದ. ನಾಯಿಯ ವಿಷಯವನ್ನಾದರೂ ಎತ್ತಲಿ, ನಾಯಿಯ ವಿಷಯದಲ್ಲಿ ಇಬ್ಬರೂ ನಗಬಹುದು ಅಂದುಕೊಂಡ.

'ಮಿಕ್ಸಿ ಬದಲಾಯಿಸ್ದೆ,' ಎಂದು ಅವಳು ಎದುರು ಗೋಡೆಗೆ ಹೇಳಿದಳು. 'ಹಳೇದು ನುಣ್ಣಗೆ ಮಾಡಲ್ಲ ಅಂತ. ಜರಡಿ ಬದಲಾಯಿಸ್ದೆ. ಹಾಲಿನವಳ ಹತ್ರ ಜಗಳ ಆಡ್ದೆ, ನೀರು ಹಾಕ್ತಾಳೆ ಅಂತ. ಪಾಪ, ಅವಳು ಅತ್ಲು. ನನ್ನ ಕೈಗುಣವೇ ಸರಿ ಇಲ್ಲ ಅಂದ್ಕೊಂಡೆ ಕಣ್ರೀ. ದಿನಾ ಒಲೆ ಮುಂದೆ ನಿಂತ್ಕೊಂಡು ಇವರನ್ನ ನಾನೇ ಸಾಯಿಸ್ತಿದೀನಿ ಅಂದ್ಕೊಂಡೆ.'

ಇದಕ್ಕೆ ಅವನ ಹತ್ತಿರ ತಮಾಷೆ ಇರಲಿಲ್ಲ. ಹುಡುಕಿದ. ಜೇಬು ತಡಕಿದಂತೆ ತಲೆಯೆಲ್ಲ ತಡಕಿದ. ರೋಗ ಬಂದ ದಿನದಿಂದ ಪ್ರತಿಯೊಂದಕ್ಕೂ ಒಂದು ಚಟಾಕಿ ಸಿಕ್ಕಿತ್ತು, ಡಾಕ್ಟರಿಗೊಂದು, ಆಫೀಸಿಗೊಂದು, ಇವಳಿಗೊಂದು. ಎಲ್ಲರೂ ಎಂಥ ಗಟ್ಟಿ ಮನುಷ್ಯ ಅಂದಿದ್ದರು, ಅವನೂ ನಂಬಿದ್ದ.

'ಭಯ ಆಯ್ತು ಕಣೇ,' ಅಂದ. 'ಮತ್ತೆ ಬಂದಿದ್ರೆ ಅಂತ. ನೋಡಿದ್ರೆ ಗೊತ್ತಾಗ್ಬಿಡುತ್ತೆ ಅಂತ. ಈಗ್ಲೂ ಭಯ ಆಗ್ತಿದೆ. ಒಳಗೆ ಹೋಗೋಕೆ ಕಾಲು ಬರ್ತಿಲ್ಲ.'

ಅವಳು ತಿರುಗಿ ನೋಡಿದಳು. ಕಣ್ಣು ತುಂಬಿತ್ತು, ಮುಖದಲ್ಲಿ ಮಾತ್ರ ಸಿಟ್ಟು ಇಳಿದಿರಲಿಲ್ಲ. 'ನಂಗೆ ಆಗಲ್ವಾ ಭಯ? ಒಬ್ಬರೇ ಇಟ್ಕೊಂಡು ತಿಂದ್ರಲ್ಲ ಎಲ್ಲಾನೂ! ಅದೊಂದು ಹೇಗೆ ಇಳೀತು ನಿಮಗೆ?' ಅಂದಳು. ಆಮೇಲೆ ಒಂದು ಮೊಳ ಜರುಗಿ ಬಂದು ಅವನ ಗವಸಿನ ಕೈಯನ್ನು ಬಲವಾಗಿ ಹಿಡಿದುಕೊಂಡಳು. ನರ್ಸಮ್ಮ ಬಂದು ಕರೆಯುವವರೆಗೂ ಬಿಡಲಿಲ್ಲ.

ಒಳಗೆ ದೀಪಗಳನ್ನು ತಗ್ಗಿಸಿ, ಅವನ ಕಣ್ಣಿನ ಮೇಲೆ, ಕತ್ತಿನ ಮೇಲೆ ದಪ್ಪ ಬಟ್ಟೆ ಹೊದಿಸಿದರು. ಗಂಟಲಿಗೆ ಕಹಿಯಾದ ಏನನ್ನೋ 'ಪುಸ್' ಅನ್ನಿಸಿದರು. ಕೈಯ ನರಕ್ಕೆ ಮಂಪರಿನ ಔಷಧಿ ಹೋಗುವಾಗ ಹಲ್ಲಿನ ನಡುವೆ ಕೊಳವೆ ಬಂತು, ಡಾಕ್ಟರಮ್ಮನ ದನಿ ಬಂತು: ನುಂಗಿ ಸಾರ್, ನೀರು ನುಂಗಿದ ಹಾಗೆ ನುಂಗಿ. ಎರಡು ವಾರದಿಂದ ಎಲ್ಲರೂ ತನ್ನನ್ನು ಕೇಳುತ್ತಿರುವುದು ಇದೊಂದೇ, ತಾನು ಮಾಡಲಾರದ್ದೂ ಇದೊಂದೇ. ಆಗುವುದಿಲ್ಲ ಎಂದು ಕೈಯಾಡಿಸಿದ. ಪರವಾಗಿಲ್ಲ, ಕಾಯ್ತೀವಿ ಅಂದರು. ಕಾದರು. ಯಾರಿಗೂ ಅವಸರವಿರಲಿಲ್ಲ. ಆಮೇಲಿನದು ಅವನಿಗೆ ನೆನಪಿಲ್ಲ.

ಎಚ್ಚರವಾದಾಗ ಎದೆಯ ನಡುವೆ ಕೆಂಡ ಇಟ್ಟಂತೆ ಉರಿಯುತ್ತಿತ್ತು. ಡಾಕ್ಟರಮ್ಮ ಮಂಚದ ಪಕ್ಕ ನಿಂತು ಹೆಂಡತಿಗೆ ಹೇಳುತ್ತಿದ್ದರು. ನಾಳ ಪೆನ್ಸಿಲ್ ತೂರದಷ್ಟು ಬಿಗಿದಿತ್ತು. ಹಿಗ್ಗಿಸಿದೀವಿ, ಒಂದೇ ಸಲಕ್ಕೆ ಪೂರ್ತಿ ಮಾಡಿದ್ರೆ ಹರಿಯುತ್ತೆ, ಇನ್ನೂ ಎರಡು ಮೂರು ಸಲ ಬರ್ಬೇಕು. ಕಣ್ಣಿಗೆ ಕಂಡ ಮಟ್ಟಿಗೆ ಬರೀ ಕಲೆ. ಚೂರು ತುಣುಕು ತೆಗೆದು ಕಳಿಸಿದೀನಿ, ಎಂಟು ದಿನಕ್ಕೆ ಖಾತ್ರಿಯಾಗಿ ಹೇಳ್ತೀನಿ. ಅವನು ಒಣಗಿದ ನಾಲಿಗೆಯಲ್ಲಿ, ಬಿಗಿದದ್ದು ಎಷ್ಟು ಮಿಲಿಮೀಟರು, ಯಾವುದರಲ್ಲಿ ಅಳೆದಿರಿ ಎಂದು ಕೇಳಲು ಬಾಯಿ ತೆರೆದ. ಹೆಂಡತಿ ನೋಡಿದ ನೋಟಕ್ಕೆ ಮುಚ್ಚಿಕೊಂಡ. ಖಾತ್ರಿಗೆ ಎಂಟು ದಿನ. ಆ ಎಂಟು ದಿನವನ್ನು ಇಬ್ಬರೂ ಕೂಡಿ ಹೊರಬೇಕು ಎಂಬುದಷ್ಟೇ ಅವನಿಗೆ ಆಗ ಅರ್ಥವಾಯಿತು.

ಎರಡು ಗಂಟೆ ಬಿಟ್ಟು ನರ್ಸಮ್ಮ ಒಂದು ಸಣ್ಣ ಲೋಟದಲ್ಲಿ ನೀರು ತಂದುಕೊಟ್ಟು, ಗುಟುಕು ಗುಟುಕಾಗಿ, ನಿಧಾನ ಎಂದು ಹೇಳಿ ಹೋದರು. ಹೆಂಡತಿ ಅವನನ್ನು ದಿಂಬಿಗೆ ಒರಗಿಸಿ ಕೂರಿಸಿ ಲೋಟ ಹಿಡಿದಳು. ಒಂದು ಗುಟುಕು ತೆಗೆದುಕೊಂಡ. ತಣ್ಣನೆಯ ನೀರು ನಾಲಿಗೆ ದಾಟಿತು, ಗಂಟಲು ದಾಟಿತು, ಮೂರನೇ ಗುಂಡಿಯ ಹಿಂದೆ ಬಂದು ಒಂದು ಕ್ಷಣ ಅನುಮಾನಿಸಿತು, ಉರಿಯ ಮೇಲೆ ಹಾದು ಕೆಳಗಿಳಿಯಿತು. ಹೊಟ್ಟೆಯಲ್ಲಿ ತಣ್ಣಗೆ ಹರಡಿತು. ಎರಡು ವಾರದ ಮೇಲೆ ಅವನ ದೇಹದೊಳಗೆ ಒಂದು ಪದಾರ್ಥ ತಾನು ಹೋಗಬೇಕಾದ ಕಡೆಗೆ ತಾನೇ ಹೋಗಿತ್ತು. ಅವನಿಗೆ ಅಳು ಬಂತು.

'ಇಳೀತು,' ಅಂದ.

ಅವಳು ಲೋಟದ ನೀರಿನ ಮಟ್ಟ ನೋಡಿದಳು. ಅವನ ಮಫ್ಲರಿನ ಮಡಿಕೆ ಬಿಡಿಸಿ ನೋಡಿದಳು. ದಿಂಬಿನ ಹಿಂದೆ ಕೈಯಾಡಿಸಿ ಒದ್ದೆ ಇದೆಯೇ ಎಂದು ಮುಟ್ಟಿ ನೋಡಿದಳು. ಆಮೇಲೆ ಗಲ್ಲ ಹಿಡಿದು ಅವನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

'ಬಾಯಿ ತೆಗೀರಿ.'

'ಕುಡಿದೆ ಕಣೇ, ನಿಜವಾಗ್ಲೂ...'

'ತೆಗೀರಿ ಅಂದೆ. ಆ ಅನ್ನಿ.'

ಪಕ್ಕದ ಮಂಚದವರು ಏಳುತ್ತಾ ಇತ್ತ ನೋಡಿದರು. ಬಾಗಿಲಲ್ಲಿ ನರ್ಸಮ್ಮ ನಿಂತಿದ್ದರು. ತೂಕದ ಸಾಹೇಬ ಬಾಯಿಯನ್ನು ಅಗಲವಾಗಿ ತೆರೆದು, ನಾಲಿಗೆ ಎತ್ತಿ, ಎಡ ದವಡೆ ತೋರಿಸಿ, ಬಲ ದವಡೆ ತೋರಿಸಿ, ಅವಳಿಗೆ ಸಾಕು ಅನ್ನಿಸುವವರೆಗೆ ಆ ಅಂದ.